ಗುಲಾಬಿ ಬಣ್ಣ ಯಾರದು?

ಗೊಟ್ಟಿಗೆರೆಯ ಮನೆಯೊಂದರಲ್ಲಿ ಎಂಟು ವರ್ಷದ ಬಾಲಕನೊಬ್ಬ ಬೆಂಗಳೂರಿನ ಮೆಟ್ರೋ ರೈಲುಮಾರ್ಗಗಳ ನಕ್ಷೆಯನ್ನು ಬರೆಯುತ್ತಿದ್ದನು. ನೇರಿಳೆ, ಹಸಿರು, ಹಳದಿ ಗೆರೆಗಳು ಮುಗಿದವು. ನೆರೆಯ ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದ ಸರದಿ ಬಂದೊಡನೆ ಅವನ ಕೈ ತಡೆಯಿತು. ಗುಲಾಬಿ ಪೆನ್ಸಿಲನ್ನು ಬದಿಗೆ ಸರಿಸಿ ಕೆಂಪನ್ನು ಎತ್ತಿಕೊಂಡನು.

"ಅದೇಕೋ ಕೆಂಪು?" ಎಂದರು ತಾತ.

"ಗುಲಾಬಿ ಹುಡುಗಿಯರ ಬಣ್ಣ, ತಾತ. ಶಾಲೆಯಲ್ಲಿ ನಗುತ್ತಾರೆ."

"ಹಾಗಾದರೆ ನಾನು ಆ ರೈಲು ಹತ್ತಬಾರದೇನೋ?"

ಬಾಲಕನಿಗೆ ಉತ್ತರ ತೋಚಲಿಲ್ಲ. ಅವನನ್ನು ದೂರುವಂತೆಯೂ ಇಲ್ಲ. ಹಿರಿಯರು ಕಟ್ಟಿದ ನಗರವೇ ಅವನಿಗೆ ಹಾಗೆ ಕಲಿಸಿದೆ. ಮಹಿಳೆಯರ ರಕ್ಷಣೆಗೆಂದು 2017ರಲ್ಲಿ ಬೆಂಗಳೂರಿನ ಪೊಲೀಸರು ಬೀದಿಗಿಳಿಸಿದ ವಾಹನಗಳಿಗೆ 'ಪಿಂಕ್ ಹೊಯ್ಸಳ' ಎಂದೇ ಹೆಸರು. 2018ರ ವಿಧಾನಸಭಾ ಚುನಾವಣೆಯಲ್ಲಿ ಮಹಿಳೆಯರೇ ನಡೆಸಿದ ಮತಗಟ್ಟೆಗಳಿಗೂ ಇದೇ ಬಣ್ಣದ ಅಲಂಕಾರ. ಸಂಕಟದಲ್ಲಿರುವ ಹೆಣ್ಣುಮಗಳಿಗೆ ದೂರದಿಂದಲೇ ಗುರುತು ಸಿಕ್ಕಬೇಕೆಂಬುದು ಒಳ್ಳೆಯ ಉದ್ದೇಶವೇ ಸರಿ. ಆದರೆ ಗುರುತಿಗಾಗಿ ಇಟ್ಟ ಬಣ್ಣವನ್ನೇ ಸ್ವಭಾವವೆಂದು ಬಗೆದರೆ ಅನರ್ಥಕ್ಕೆ ದಾರಿಯಾಗುತ್ತದೆ.

ಈ ನಂಟು ಅನಾದಿಯದೇನೂ ಅಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರಪತ್ರಿಕೆಯೊಂದು ತದ್ವಿರುದ್ಧವಾದ ಸಲಹೆಯನ್ನಿತ್ತಿತ್ತು: ಗುಲಾಬಿ ಗಟ್ಟಿಯಾದ ಬಣ್ಣವಾದುದರಿಂದ ಗಂಡುಮಕ್ಕಳಿಗೆ, ನೀಲಿ ನವಿರಾದುದರಿಂದ ಹೆಣ್ಣುಮಕ್ಕಳಿಗೆ! ಕೆಲವೇ ದಶಕಗಳಲ್ಲಿ ಅಂಗಡಿಯ ರೂಢಿ ತಲೆಕೆಳಗಾಯಿತು. ಬಣ್ಣ ಮಾತ್ರ ಇದ್ದಂತೆಯೇ ಇದ್ದಿತು.

ನಮ್ಮ ನುಡಿಯಲ್ಲಾದರೂ ಈ ಬಣ್ಣಕ್ಕೆ ಗಂಡು ಹೆಣ್ಣೆಂಬ ಭೇದವುಂಟೆ? 'ಗುಲಾಬಿ' ಪಾರಸಿಯಿಂದ ಬಂದ ಮಾತು. ಅದಕ್ಕೂ ಮೊದಲು ನಮ್ಮ ಕವಿಗಳಿಗೆ 'ಪಾಟಲ'ವೆಂಬ ಸಂಸ್ಕೃತ ಶಬ್ದ ಪರಿಚಿತವಾಗಿತ್ತು. ಪಾಟಲವೆಂದರೆ ಕನ್ನಡದ ಪಾದರಿ ಮರ. ಅದರ ಹೂವಿನಿಂದಲೇ ನಸುಗೆಂಪಿಗೆ ಆ ಹೆಸರು. ವರ್ಷದ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನ ಬೀದಿಗಳನ್ನು ಗುಲಾಬಿಯಾಗಿಸುವ, ಅಮೆರಿಕ ಖಂಡದಿಂದ ಬಂದ ತಬೆಬೂಯ ಮರವೂ ಸಸ್ಯಶಾಸ್ತ್ರದ ಪ್ರಕಾರ ಪಾದರಿಯ ಕುಟುಂಬದ್ದೇ. ಅದರ ಕೆಳಗೆ ನಿಂತು ಕತ್ತೆತ್ತಿ ನೋಡುವ ಗಂಡಸು ಯಾರಿಗೂ ನಾಚಬೇಕಾಗಿಲ್ಲ.

ನಕ್ಷೆಯಲ್ಲಂತೂ ಬಣ್ಣದ ಮೊದಲ ಕೆಲಸ ಒಂದನ್ನು ಇನ್ನೊಂದರಿಂದ ಬೇರೆಮಾಡಿ ತೋರಿಸುವುದು. ಅಲ್ಲಿ ಗುಲಾಬಿಯೆಂದರೆ ಹದಿನೆಂಟು ನಿಲ್ದಾಣಗಳ, ಸುಮಾರು 21 ಕಿಲೋಮೀಟರುಗಳ ಒಂದು ದಾರಿ, ಅಷ್ಟೇ. ಅದರ ಮೇಲೆ ಗಂಡಸರೂ ಹೆಂಗಸರೂ ಸರಿಸಮಾನರು.

ತಾತ ನಕ್ಷೆಯನ್ನು ಹತ್ತಿರಕ್ಕೆಳೆದುಕೊಂಡರು. "ಈ ಗೆರೆ ಹಳದಿಯನ್ನು ಸೇರುವುದು ಎಲ್ಲಿ?"

"ಜಯದೇವ ಆಸ್ಪತ್ರೆಯ ಹತ್ತಿರ."

"ಅಲ್ಲಿಳಿದು ಗುಲಾಬಿಯನ್ನು ಹುಡುಕುವವರು ನಿನ್ನ ಕೆಂಪನ್ನು ನಂಬಿದರೆ ಮನೆ ಸೇರುವುದು ಹೇಗೋ?"

ಬಾಲಕ ಸ್ವಲ್ಪ ಹೊತ್ತು ಯೋಚಿಸಿ ಕೆಂಪನ್ನು ಕೆಳಗಿಟ್ಟನು. ಗುಲಾಬಿಯ ಗೆರೆ ಗೊಟ್ಟಿಗೆರೆಯ ಬಳಿಯಿಂದ ನೆಟ್ಟಗೆ ಹೊರಟಿತು.

"ಪಕ್ಕದಲ್ಲಿ ಹೆಸರನ್ನೂ ಬರೆ. ಬಣ್ಣಗಳ ಭೇದ ಸರಿಯಾಗಿ ಕಾಣದ ಕಣ್ಣುಗಳೂ ಉಂಟು" ಎಂದರು ತಾತ.

ಅವನು ದುಂಡಗೆ ಬರೆದನು: ಗುಲಾಬಿ ಮಾರ್ಗ. ಮರುದಿನ ಶಾಲೆಯಲ್ಲಿ ಯಾರಾದರೂ ನಕ್ಕರೆ ಕೇಳಲು ಅವನ ಬಳಿ ತಾತನ ಪ್ರಶ್ನೆಯೊಂದು ಸಿದ್ಧವಾಗಿತ್ತು.