ಇಪ್ಪತ್ತೈದರಲ್ಲಿ ಕೈಗೆ ಬಂದದ್ದು

‘ಈಗಿನ ಹುಡುಗರಿಗೆ ಜವಾಬ್ದಾರಿ ಅನ್ನೋದೇ ಇಲ್ಲ’ ಎಂಬ ಮಾತು ಬೆಂಗಳೂರಿನ ಬಸವೇಶ್ವರನಗರದ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಜೊತೆಗೇ ಶುರುವಾಗುತ್ತದೆ. ‘ನಮ್ಮಪ್ಪಂಗೆ ಏನೂ ಅರ್ಥ ಆಗಲ್ಲ’ ಎಂಬುದು ಸಂಜೆ ಅದೇ ಬಡಾವಣೆಯ ದರ್ಶಿನಿಯ ಮುಂದೆ, ಕಾಫಿ ಲೋಟ ಹಿಡಿದು ನಿಂತವರ ಬಾಯಲ್ಲಿ. ನಮ್ಮ ಪತ್ರಿಕೆಗೆ ಬರುವ ಲೇಖನಗಳೂ ಹೆಚ್ಚುಕಡಿಮೆ ಈ ಎರಡು ಮಾತುಗಳ ವಿಸ್ತರಣೆಗಳೇ: ಮೊಬೈಲು, ಹರಕು ಜೀನ್ಸು, ತಡವಾದ ಮದುವೆ, ಕನ್ನಡ ಓದಲು ಬಾರದ ಮೊಮ್ಮಗ. ನಡವಳಿಕೆಯ ಈ ಪಟ್ಟಿಯಿಂದ ತಲೆಮಾರುಗಳು ಅರ್ಥವಾಗುತ್ತವೆಂದು ನನಗೆ ಅನ್ನಿಸುವುದಿಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಈ ಊರು ಯಾರ ಕೈಗೆ ಏನು ಕೊಟ್ಟಿತು ಎಂದು ಕೇಳಿದರೆ ಜಗಳದ ಮುಕ್ಕಾಲು ಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ರಾಜಾಜಿನಗರ ಹುಟ್ಟಿದ್ದೇ ಕೆಲಸದ ಜೊತೆಗೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ರಾಜಾಜಿಯವರ ಹೆಸರಿಟ್ಟು ಕಟ್ಟಿದ ಕೈಗಾರಿಕಾ ಉಪನಗರ ಅದು. ಬೆಂಗಳೂರಿಗೆ ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. ದೊಡ್ಡ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಲೇತ್ ಶೆಡ್ಡುಗಳು ಗಲ್ಲಿಗಲ್ಲಿಗೆ ಎದ್ದವು. ಡಿಪ್ಲೊಮಾ ಮುಗಿಸಿದ ಹುಡುಗನಿಗೆ ಕ್ಯಾಂಟೀನು, ಕಂಪನಿ ಬಸ್ಸು, ಪಿಎಫ್ ಸಮೇತ ಕೆಲಸ ಸಿಕ್ಕಿತು. ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು, 1976ರ ನಂತರ ಬಿಡಿಎ, ಅರ್ಜಿ ಹಾಕಿ ಕಾದವರಲ್ಲಿ ಹಲವರಿಗೆ ಸೈಟು ಹಂಚಿದವು. ಮೂವತ್ತು-ನಲವತ್ತರ ಸೈಟಿನಲ್ಲಿ ಮೊದಲು ಶೀಟಿನ ಮನೆ, ಆಮೇಲೆ ಆರ್‌ಸಿಸಿ, ಮಗನ ಮದುವೆಗೆ ಮೇಲೊಂದು ಮಹಡಿ. ಇಂದು ಪಾರ್ಕಿನಲ್ಲಿ ಕೂತು ಜವಾಬ್ದಾರಿಯ ಮಾತಾಡುವ ಯಜಮಾನರು ಕಷ್ಟಪಟ್ಟಿಲ್ಲವೆಂದು ನಾನು ಹೇಳುತ್ತಿಲ್ಲ. ಅವರ ಕಷ್ಟಕ್ಕೆ ಊರು ಪ್ರತಿಫಲ ಕೊಟ್ಟಿತು, ಅಷ್ಟೆ. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ 2016ರ ಹೊತ್ತಿಗೆ ಅದರಲ್ಲಿ ದುಡಿದವರ ಮಕ್ಕಳು ಬೇರೆಯದೇ ಬಗೆಯ ಕಂಪನಿಗಳಲ್ಲಿದ್ದರು. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿದ್ದವು.

ಹೊಸ ತಲೆಮಾರಿನ ಆಸೆಗಳೇ ಬೇರೆ ಎನ್ನುವವರು ಒಂದು ಬೆಳಿಗ್ಗೆ ವಿಜಯನಗರದ ಹಂಪಿನಗರಕ್ಕೆ, ಅಲ್ಲಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿಬರಬೇಕು. ಪೇಪರು ಓದಲು ಬಂದ ನಿವೃತ್ತರು ಒಂದು ಕಡೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವವರು ಇನ್ನೊಂದು ಕಡೆ. ಕಲಬುರಗಿ, ರಾಯಚೂರು, ವಿಜಯಪುರ, ಹಾವೇರಿಯಿಂದ ಬಂದು ಸುತ್ತಲಿನ ಪಿಜಿಗಳಲ್ಲಿ ಒಂದೊಂದು ಕೋಣೆಗೆ ಮೂರು ನಾಲ್ಕು ಜನ ಇರುವವರು ಇವರು. ಬೆಳಿಗ್ಗೆ ಕೋಚಿಂಗು, ಹಗಲೆಲ್ಲ ಲೈಬ್ರರಿ, ರಾತ್ರಿ ಟೆಸ್ಟ್ ಸೀರೀಸು. ಹತ್ತಿರದ ಹಿರಿಯರು ‘ಎಷ್ಟನೇ ಸಲ ಬರೀತಿದೀಯಪ್ಪಾ?’ ಎಂದರೆ, ‘ಮೂರನೇದ್ರೀ ಸರ’ ಎಂದು ಹೇಳಿ ಹುಡುಗ ಪುಸ್ತಕಕ್ಕೆ ಮರಳುತ್ತಾನೆ. ಆ ಹಿರಿಯರು ಇಪ್ಪತ್ತಮೂರಕ್ಕೆ ನೌಕರಿ ಹಿಡಿದವರು. ಈ ಹುಡುಗನಿಗೆ ಮೂವತ್ತು ದಾಟುತ್ತಿದೆ. ಅವನು ಕೇಳುತ್ತಿರುವುದು ಅವರಿಗೆ ಸಿಕ್ಕಿದ್ದನ್ನೇ.

ಅದಕ್ಕೆ ಅವನು ಕೊಡುತ್ತಿರುವ ಬೆಲೆ ನೋಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಕೆಪಿಎಸ್‌ಸಿ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಬರೆಸಬೇಕಾಯಿತು. ಆಗಲೂ ತಪ್ಪುಗಳಿವೆ ಎಂಬ ದೂರು ನಿಲ್ಲಲಿಲ್ಲ. ಕನ್ನಡದಲ್ಲೇ ಓದಿ ಬಂದವನಿಗೆ ಕನ್ನಡದ ರಾಜ್ಯವೇ ಅರ್ಥವಾಗದ ಕನ್ನಡದಲ್ಲಿ ಪ್ರಶ್ನೆ ಕೇಳಿತು. ಇಷ್ಟೆಲ್ಲ ದಾಟಿ ಕೆಲಸ ಸಿಕ್ಕರೂ ಪಕ್ಕದ ಕುರ್ಚಿಯ ನಿವೃತ್ತರಿಗೆ ಬರುವ ಪಿಂಚಣಿ ಇವನಿಗೆ ಖಾತ್ರಿಯಿಲ್ಲ. 2006ರ ಏಪ್ರಿಲ್ 1ರಿಂದ ರಾಜ್ಯದ ಸೇವೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ (ಎನ್‌ಪಿಎಸ್) ಒಳಪಟ್ಟವರು. ‘ಈಗಿನವರಿಗೆ ತಾಳ್ಮೆ ಇಲ್ಲ’ ಎಂದು ಇವನ ಎದುರು ಹೇಳಲು ಯಾರಿಗೆ ಬಾಯಿ ಬಂದೀತು?

ಹುಟ್ಟಿದ ವರ್ಷ ಒಂದೇ ಆದ ಮಾತ್ರಕ್ಕೆ ತಲೆಮಾರು ಒಂದೇ ಆಗುವುದಿಲ್ಲವೆಂದು ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ಬರೆದಿದ್ದ. 1800ರ ಸುಮಾರಿನ ಪ್ರಷ್ಯಾದಲ್ಲಿ ದೂರದ ಹಳ್ಳಿಯ ರೈತ ಯುವಕರನ್ನೂ ಪಟ್ಟಣದ ಯುವಕರನ್ನೂ ಒಂದೇ ತಲೆಮಾರು ಅನ್ನಲಾಗದು ಎಂಬುದು ಅವನ ಉದಾಹರಣೆ. ವಿಜಯನಗರದ ಮೆಟ್ರೊ ನಿಲ್ದಾಣದಲ್ಲಿ ವೈಟ್‌ಫೀಲ್ಡಿನ ರೈಲು ಹತ್ತುವ ಸಾಫ್ಟ್‌ವೇರ್ ಉದ್ಯೋಗಿಗೂ ಆ ನಿಲ್ದಾಣದ ಕೆಳಗೆ ಪ್ರಚಲಿತ ವಿದ್ಯಮಾನದ ಮಾಸಿಕ ಕೊಳ್ಳುವ ಅದೇ ವಯಸ್ಸಿನ ಅಭ್ಯರ್ಥಿಗೂ ಇರುವ ದೂರ, ಆ ಉದ್ಯೋಗಿಗೂ ಅವನ ತಂದೆಗೂ ಇರುವ ದೂರಕ್ಕಿಂತ ಹೆಚ್ಚಿನದು. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ನಡೆದದ್ದು ನೆನಪಿದೆಯಲ್ಲ? ಸಿನಿಮಾ ತೋರಿಸಲು ಮಗ ಕರೆತಂದಿದ್ದ ಹಾವೇರಿ ಕಡೆಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಪ್ರತಿಭಟನೆಯಾಯಿತು, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಅವತ್ತು ಅಪ್ಪ, ಮಗ ಇಬ್ಬರೂ ಬಾಗಿಲಿನ ಒಂದೇ ಕಡೆ ನಿಂತಿದ್ದರು.

ಕಾರ್ನಾಡರ ‘ಯಯಾತಿ’ ನಾಟಕ 1961ರಲ್ಲಿ ಬಂತು. ಅಲ್ಲಿ ತಂದೆ ಮಗನ ಯೌವನ ಪಡೆಯುತ್ತಾನೆ. ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ವ್ಯವಹಾರ ತಿರುಗುಮುರುಗು. ಕೆಂಗೇರಿ ಕಡೆಯ ಅಪಾರ್ಟ್‌ಮೆಂಟಿಗೆ ಮುಂಗಡ ಕಟ್ಟಲು ಮಗ ಅಪ್ಪನ ಗ್ರ್ಯಾಚುಟಿ ಕೇಳುತ್ತಾನೆ, ಅಂದರೆ ಅವರ ಮುಪ್ಪನ್ನು ಸಾಲ ಪಡೆಯುತ್ತಾನೆ. ಕೊಟ್ಟವರೂ ಪಡೆದವರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದ್ದು ಜೀನ್ಸಿನ ಜಗಳವಾಗಿ ಹೊರಬರುತ್ತದೆ. ಹಿರಿಯರ ಪಾಲನೆಗೆಂದು 2007ರ ಕಾಯ್ದೆ ಇದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ದಾನಪತ್ರ ರದ್ದು ಮಾಡಿಸಲೂ ಅವಕಾಶವಿದೆ. ಅಲ್ಲಿಯವರೆಗೆ ಹೋದ ಮನೆಯಲ್ಲಿ ಮಾತು ನಿಂತು ವರ್ಷಗಳಾಗಿರುತ್ತವೆ.

ಒಂದು ಎಚ್ಚರಿಕೆ. ‘ಆ ಕಾಲ ಚೆನ್ನಾಗಿತ್ತು’ ಎಂಬುದು ಬಹುಮಟ್ಟಿಗೆ ಗಂಡಸರ ಮಾತು. ಅದೇ ಮನೆಯ ಅಜ್ಜಿಯನ್ನು ಕೇಳಿ. ಎಸ್‌ಎಸ್‌ಎಲ್‌ಸಿಗೆ ಓದು ನಿಲ್ಲಿಸಿ, ಯಜಮಾನರ ಶಿಫ್ಟಿಗೆ ತಕ್ಕಂತೆ ಒಲೆ ಹಚ್ಚಿದವರು, ಮೊಮ್ಮಗಳು ರಾತ್ರಿ ಹತ್ತಕ್ಕೆ ಮೆಟ್ರೊ ಇಳಿದು ಬರುವುದನ್ನು ಬೇರೆಯದೇ ಕಣ್ಣಿನಿಂದ ನೋಡುತ್ತಾರೆ. ಬೈಯುತ್ತಾರೆ, ಬೈಯುತ್ತಲೇ ಬಿಸಿ ಸಾರು ಬಡಿಸುತ್ತಾರೆ. ಆ ಬೈಗುಳದಲ್ಲಿ ಒಂದಿಷ್ಟು ಅಸೂಯೆಯೂ ಇದೆ ಎಂದು ನನ್ನ ಗುಮಾನಿ.

ಮುಂದಿನ ಸಂಚಿಕೆಯನ್ನು ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಈಗಿನ ಯುವಕರ ಬಗ್ಗೆ, ಹಿರಿಯರ ಬಗ್ಗೆ ಅಭಿಪ್ರಾಯ ಬರೆದು ಕಳಿಸಬೇಡಿ, ಅವು ನಮ್ಮಲ್ಲಿ ಸಾಕಷ್ಟಿವೆ. ನಿಮಗೆ ಇಪ್ಪತ್ತೈದು ತುಂಬಿದ ವರ್ಷ ಸಂಬಳ ಎಷ್ಟಿತ್ತು, ಬಾಡಿಗೆ ಎಷ್ಟಿತ್ತು, ಕೆಲಸ ಹೇಗೆ ಸಿಕ್ಕಿತು ಅಥವಾ ಸಿಗಲಿಲ್ಲ, ಮನೆಯಲ್ಲಿ ಯಾರ ಮಾತು ನಡೆಯುತ್ತಿತ್ತು ಎಂಬುದನ್ನು ಎರಡು ಪುಟದಲ್ಲಿ ಬರೆಯಿರಿ. ಬರೆಯುವ ಮುನ್ನ ಮನೆಯ ಇನ್ನೊಂದು ತಲೆಮಾರಿನವರಿಗೂ ಇದೇ ಪ್ರಶ್ನೆ ಕೇಳಿ, ಅವರ ಉತ್ತರವನ್ನೂ ಜೊತೆಗೆ ಕಳಿಸಿ.