ಎರಡು ಟಿಕೆಟ್ ಜೋಡಿಸಿ ಮಾರಿದವರೇ ಹೊಣೆ ಹೊರಲಿ

ಅವ್ವ ತೀರಿಕೊಂಡ ಸುದ್ದಿ ತಿಳಿದ ಕೂಡಲೇ ನನ್ನ ತಮ್ಮ ದುಬೈನಿಂದ ನಮ್ಮೂರು ಕುರ್ಡಿಗೆ ಹೊರಟ. ಮೊಬೈಲ್‌ನಲ್ಲಿ ಟಿಕೆಟ್ ಮಾರುವ ಪೋರ್ಟಲ್ ತೋರಿಸಿದ್ದು ಒಂದೇ ಪ್ರಯಾಣ: ದುಬೈ, ಮುಂಬೈ, ಹೈದರಾಬಾದ್. ನಡುವೆ ಎರಡು ಗಂಟೆ ಬಿಡುವು. ದುಡ್ಡು ಕಟ್ಟಿದ್ದೂ ಒಂದೇ ಸಲ. ಕೈಗೆ ಬಂದ ಬುಕಿಂಗ್ ಸಂಖ್ಯೆ (ಪಿಎನ್‌ಆರ್) ಮಾತ್ರ ಎರಡು, ವಿಮಾನ ಕಂಪನಿಯೂ ಎರಡು.

ಆ ಎರಡು ಗಂಟೆಯ ಲೆಕ್ಕ ನೋಡಿ. ಮುಂಬೈನ ಎರಡನೇ ಟರ್ಮಿನಲ್‌ನಲ್ಲಿ ಇಳಿದು ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕು, ಬೆಲ್ಟಿನ ಮೇಲೆ ಬ್ಯಾಗ್ ಬರುವ ತನಕ ಕಾಯಬೇಕು, ಕಸ್ಟಮ್ಸ್ ದಾಟಬೇಕು. ಹೈದರಾಬಾದ್ ವಿಮಾನವಿದ್ದದ್ದು ಒಂದನೇ ಟರ್ಮಿನಲ್‌ನಲ್ಲಿ. ಅಲ್ಲಿಗೆ ಟ್ಯಾಕ್ಸಿ ಹಿಡಿದು ಹೋಗಬೇಕಾಯಿತು. ಬ್ಯಾಗ್ ಒಪ್ಪಿಸುವ ಕೌಂಟರ್ ವಿಮಾನ ಹೊರಡುವ ಒಂದು ತಾಸು ಮೊದಲೇ ಮುಚ್ಚುತ್ತದೆ. ತಮ್ಮ ಓಡಿ ಹೋದರೂ ಮುಚ್ಚಿತ್ತು. ಸಮಯಕ್ಕೆ ಬಾರದ ಪ್ರಯಾಣಿಕನೆಂದು ಬರೆದುಕೊಂಡರು, ಟಿಕೆಟ್ ದುಡ್ಡೂ ಹೋಯಿತು. ಹೊಸ ಟಿಕೆಟ್ ತೆಗೆದು, ಹೈದರಾಬಾದ್‌ನ ಶಂಷಾಬಾದ್ ನಿಲ್ದಾಣದಲ್ಲಿ ಇಳಿದು, ರಾಯಚೂರು ದಾಟಿ ಊರು ಸೇರುವಷ್ಟರಲ್ಲಿ ಅವ್ವನ ಮಣ್ಣು ಮುಗಿದಿತ್ತು.

ಷರತ್ತಿನಲ್ಲಿ ಎಲ್ಲ ಬರೆದಿದ್ದೆವು ಎನ್ನುತ್ತದೆ ಪೋರ್ಟಲ್. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಹಣ ಕಟ್ಟುವ ಗುಂಡಿಯ ಕೆಳಗೆ ಬರೆದದ್ದನ್ನು ಸಾವಿನ ಮನೆಯವರು ಓದುತ್ತಾರೆಯೇ? ಈ ಎರಡು ವಿಮಾನಗಳನ್ನು ಜೋಡಿಸಿದ್ದು ತಮ್ಮನಲ್ಲ, ಪೋರ್ಟಲ್. ಅದಕ್ಕೆ ಶುಲ್ಕ ಪಡೆದದ್ದೂ ಅದೇ.

ಕಾನೂನೂ ಇಲ್ಲಿ ಕೈಬಿಟ್ಟಿದೆ. ವಿಮಾನ ಕಂಪನಿಯ ತಪ್ಪಿನಿಂದ ಮುಂದಿನ ವಿಮಾನ ತಪ್ಪಿದರೆ ಪರಿಹಾರ ಕೊಡಬೇಕೆನ್ನುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮ ಒಂದೇ ಟಿಕೆಟ್ ಸಂಖ್ಯೆಯ ಪ್ರಯಾಣಕ್ಕೆ ಸೀಮಿತ. ಒಂದೇ ಪಾವತಿಯಲ್ಲಿ ಮಾರಿದ್ದನ್ನು ಒಂದೇ ಪ್ರಯಾಣವೆಂದು ನಿಯಮ ಒಪ್ಪಬೇಕು. ಟರ್ಮಿನಲ್ ಬದಲಿಸಿ, ಬ್ಯಾಗ್ ಮತ್ತೆ ಕೊಡಲು ಸಾಲದಷ್ಟು ಬಿಡುವಿರುವ ಜೋಡಿಗಳ ಮಾರಾಟವನ್ನೇ ನಿಲ್ಲಿಸಬೇಕು. ಪೋರ್ಟಲ್‌ಗಳು ತಾವಾಗಿಯೇ ಸರಿಹೋಗುತ್ತವೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ. 2020ರ ಲಾಕ್‌ಡೌನ್‌ನಲ್ಲಿ ರದ್ದಾದ ಟಿಕೆಟ್‌ಗಳ ಬಾಕಿ ಹಣ ಮರಳಿಸುವಂತೆ ‘ಯಾತ್ರಾ’ ಎಂಬ ಟಿಕೆಟ್ ಪೋರ್ಟಲ್‌ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಆದೇಶಿಸಬೇಕಾಯಿತು. ನಾಲ್ಕು ವರ್ಷ!

ಮಾನ್ವಿ, ದೇವದುರ್ಗ ಕಡೆಯಿಂದ ದೂರ ಹೋದ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ದುಡ್ಡು ಕಟ್ಟುವ ಮೊದಲು ಪ್ರಯಾಣವೆಲ್ಲ ಒಂದೇ ಟಿಕೆಟ್‌ನಲ್ಲಿದೆಯೋ ಇಲ್ಲವೋ ನೋಡಿ. ಆ ಪರದೆಯ ಫೋಟೋ ಇಟ್ಟುಕೊಳ್ಳಿ. ಮೋಸವಾಯಿತೆನಿಸಿದರೆ ಸುಮ್ಮನಾಗಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅದಕ್ಕಾಗಿ ರಾಯಚೂರಿನ ತನಕ ಹೋದರೆ ಸಾಕು.