ಹದಿನಾರನೆಯ ದಿನದ ಔಷಧ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಪಾಠಶಾಲೆಯ ಮಕ್ಕಳೂ ಬಾಯಿಪಾಠವಾಗಿ ಹೇಳಬಲ್ಲರು. ಆದರೆ ಅವುಗಳಲ್ಲಿ ಮೂರನೆಯದು ಇಂದು ರಾಜಕೀಯ ಪಕ್ಷಗಳ ಕಲಹದ ವಸ್ತುವಾಗಿದೆ. ಆ ಕಲಹವನ್ನು ನೋಡುತ್ತ ಕುಳಿತ ಸಮಾಜವು ತನ್ನ ಪಾಲಿನ ಕರ್ತವ್ಯವನ್ನು ಮರೆತಿದೆ. ಔಷಧವು ಯಾರ ಹೆಸರಿನಲ್ಲಿ ಬರಬೇಕೆಂಬ ವಾದ ಮುಗಿಯುವವರೆಗೆ ರೋಗವು ಕಾಯುವುದಿಲ್ಲ.

ಈ ಕಲಹ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅಮೆರಿಕವೇ ಸಾಕ್ಷಿ. 2010ರ ಮಾರ್ಚ್‌ನಲ್ಲಿ ಅಧ್ಯಕ್ಷ ಒಬಾಮ ಸಹಿ ಮಾಡಿದ ಆರೋಗ್ಯ ವಿಮಾ ಕಾಯಿದೆಗೆ ರಿಪಬ್ಲಿಕನ್ ಪಕ್ಷದ ಒಬ್ಬ ಸದಸ್ಯನೂ ಅಂತಿಮ ಮತ ನೀಡಲಿಲ್ಲ. 2017ರ ಜುಲೈನಲ್ಲಿ ಅದನ್ನು ಕಿತ್ತುಹಾಕುವ ಯತ್ನವು ಸೆನೆಟ್‌ನಲ್ಲಿ 49–51 ಮತಗಳಿಂದ ಬಿದ್ದುಹೋಯಿತು. 2025ರ ಅಕ್ಟೋಬರ್ 1ರಿಂದ 43 ದಿನಗಳ ಕಾಲ ಆ ದೇಶದ ಕೇಂದ್ರಾಡಳಿತದ ಬಹುಭಾಗ ಸ್ಥಗಿತಗೊಂಡಿತು. ವಿಮೆಯ ಕಂತಿಗೆ ಕೊಡುತ್ತಿದ್ದ ಹೆಚ್ಚುವರಿ ಸಹಾಯಧನವನ್ನು ಮುಂದುವರಿಸಬೇಕೆ ಬೇಡವೆ ಎಂಬುದೇ ಅದರ ಮುಖ್ಯ ಕಾರಣ. ವಿಮೆಯಿಲ್ಲದವನ ಸಂಕಟ ಒಬ್ಬರಿಗೆ ಕಂಡಿತು, ತೆರಿಗೆ ಕೊಡುವವನ ಹೊರೆ ಇನ್ನೊಬ್ಬರಿಗೆ ಕಂಡಿತು. ಎರಡೂ ಸುಳ್ಳಲ್ಲ. ಆದರೆ ಹದಿನೈದು ವರ್ಷಗಳ ವಾದದ ನಂತರವೂ ಜಗತ್ತಿನ ಅತ್ಯಂತ ಶ್ರೀಮಂತ ರಾಷ್ಟ್ರದ ಸಾಮಾನ್ಯ ಗೃಹಸ್ಥನು ಆಸ್ಪತ್ರೆಯ ಬಿಲ್ಲಿಗೆ ಹೆದರುವುದು ತಪ್ಪಿಲ್ಲ.

ಇದನ್ನು ಓದಿ ನಗುವ ಅಧಿಕಾರ ಕನ್ನಡ ನಾಡಿಗಿಲ್ಲ. ಸಹಕಾರಿ ಸಂಘಗಳ ರೈತರಿಗಾಗಿ ವರ್ಷಕ್ಕೆ 60 ರೂಪಾಯಿಯ ವಂತಿಗೆಯಲ್ಲಿ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯನ್ನು ದೇಶವೇ ಮೆಚ್ಚಿತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ ನಿಂತಿತು. 2022ರಲ್ಲಿ ಮತ್ತೆ ಎದ್ದಿತು. ಆರೋಗ್ಯ ಕರ್ನಾಟಕವು 2018ರ ಮಾರ್ಚ್‌ನಲ್ಲಿ ಬಂದಿತು, ಕೇಂದ್ರದ ಆಯುಷ್ಮಾನ್ ಭಾರತ ಅದೇ ಸೆಪ್ಟೆಂಬರ್‌ನಲ್ಲಿ ಬಂದಿತು, ಅಕ್ಟೋಬರ್‌ನಲ್ಲಿ ಎರಡೂ ಒಂದಾದವು. 2023ರ ಡಿಸೆಂಬರ್‌ನಲ್ಲಿ ಕಾರ್ಡಿನ ಮೇಲೆ ಮುಖ್ಯಮಂತ್ರಿಯ ಪದವಿಯ ಹೆಸರೂ ಸೇರಿತು. ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು, ಯಾರ ಭಾವಚಿತ್ರವಿರಬೇಕು ಎಂಬ ಚರ್ಚೆಗೆ ವ್ಯಯವಾದ ಉಸಿರಿಗೆ ಲೆಕ್ಕವಿಲ್ಲ.

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಿಂದ ಈ ಚರ್ಚೆಯನ್ನು ನೋಡಬೇಕು. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಿಂದ ಚಿತ್ರದುರ್ಗ, ರಾಯದುರ್ಗಗಳ ಕಡೆಗೆ ಹಳಿ ಕವಲೊಡೆಯುವ ಊರು ಅದು. ಅಲ್ಲಿನ ಅಡಕೆ ತೋಟದ ಕೂಲಿಯವನೊಬ್ಬನಿಗೆ ಎದೆನೋವು ಬಂದಿತೆಂದು ಭಾವಿಸಬಹುದು. ಒಂದು ಹಳಿ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಕಡೆಗೆ, ಇನ್ನೊಂದು ದಾವಣಗೆರೆಯ ಆಸ್ಪತ್ರೆಗಳ ಕಡೆಗೆ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯುಂಟು. ಅವನ ಜೀವ ಉಳಿಯುತ್ತದೆ. ಇದು ಸಣ್ಣ ಉಪಕಾರವಲ್ಲ, ಇದನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಆಯುಷ್ಮಾನ್ ಯೋಜನೆಯು ಆಸ್ಪತ್ರೆ ಬಿಟ್ಟ ನಂತರ 15 ದಿನಗಳ ಔಷಧವನ್ನಷ್ಟೇ ಕೊಡುತ್ತದೆ. ಹೃದ್ರೋಗಿಯಾದರೋ ಜೀವವಿರುವಷ್ಟು ಕಾಲ ಗುಳಿಗೆ ನುಂಗಬೇಕಾದವನು. ಹದಿನಾರನೆಯ ದಿನ ಏನು? ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ದಾಸ್ತಾನಿದ್ದರೆ ಸರಿ, ಇಲ್ಲದಿದ್ದರೆ ಅಂಗಡಿಯೇ ಗತಿ. ಕೂಲಿಯಿಲ್ಲದ ದಿನ ಆ ಅಂಗಡಿಯೂ ದೂರ.

ಪಕ್ಷಗಳು ಆ ಹದಿನಾರನೆಯ ದಿನದ ಮೇಲೂ ಕೈಯಿಟ್ಟಿವೆ. ಕಡಿಮೆ ಬೆಲೆಯ ಜನೌಷಧಿ ಮಳಿಗೆಗಳ ಯೋಜನೆ ಹುಟ್ಟಿದ್ದು 2008ರಲ್ಲಿ, ಕಾಂಗ್ರೆಸ್ ನೇತೃತ್ವದ ಕೇಂದ್ರ ಸರ್ಕಾರದ ಕಾಲದಲ್ಲಿ. ಅದು ಹೊಸ ಹೆಸರು ಪಡೆದು ಹಬ್ಬಿದ್ದು ಭಾರತೀಯ ಜನತಾ ಪಕ್ಷದ ಆಡಳಿತದಲ್ಲಿ. 2025ರ ಮೇ ತಿಂಗಳಲ್ಲಿ ರಾಜ್ಯದ ಕಾಂಗ್ರೆಸ್ ಸರ್ಕಾರವು ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿದ್ದ ಆ ಮಳಿಗೆಗಳನ್ನು ಮುಚ್ಚಲು ಆದೇಶಿಸಿತು. ಆಸ್ಪತ್ರೆಯೇ ಉಚಿತವಾಗಿ ಕೊಡಬೇಕಾದ ಔಷಧಕ್ಕೆ ಅದರ ಬಾಗಿಲಲ್ಲೇ ಬೆಲೆ ತೆರುವಂತಾಗಬಾರದೆಂಬುದು ಸರ್ಕಾರದ ವಾದ. ಉಚಿತ ಔಷಧ ಸಿಗದ ದಿನ ಅಗ್ಗದ ಔಷಧವೂ ಇಲ್ಲದಂತಾಗುತ್ತದೆಂಬುದು ವಿರೋಧಿಗಳ ವಾದ. ವಿವಾದವು ಉಚ್ಚ ನ್ಯಾಯಾಲಯವನ್ನು ಮುಟ್ಟಿ, ಜುಲೈನಲ್ಲಿ ಧಾರವಾಡ ಪೀಠದಿಂದ ಮಧ್ಯಂತರ ತಡೆಯಾಜ್ಞೆ ಬಂದಿತು. ಉಚಿತ ಔಷಧವನ್ನು ವರ್ಷವಿಡೀ ತಪ್ಪದೆ ಕೊಟ್ಟಿದ್ದರೆ ಮಳಿಗೆ ತಾನಾಗಿಯೇ ಬರಿದಾಗುತ್ತಿತ್ತು. ಮುಚ್ಚುವ ಆದೇಶವೇ ಬೇಕಿರಲಿಲ್ಲ. ಮೊದಲು ದಾಸ್ತಾನು, ಅನಂತರ ಬೀಗ: ಇದು ಸಾಮಾನ್ಯ ವಿವೇಕ. ಹಾಗೆಯೇ, ಮಳಿಗೆಗಾಗಿ ದನಿಯೆತ್ತಿದವರು ಬರಿದಾದ ದಾಸ್ತಾನಿಗಾಗಿಯೂ ಅಷ್ಟೇ ಎತ್ತರದ ದನಿಯಲ್ಲಿ ಕೇಳಬೇಕಾಗಿತ್ತು.

ಇಂಥ ಸಂದರ್ಭಗಳಲ್ಲಿ ಸಮಾಜದ ಹಿರಿಯರು ಒಂದು ಮಾತನ್ನು ಆಡುವುದುಂಟು: ‘ಎರಡು ಕಡೆಯೂ ಸತ್ಯವಿದೆ, ಅನೇಕಾಂತವೇ ನಮ್ಮ ಮಾರ್ಗ, ನಮಗೇಕೆ ಈ ಗೊಡವೆ?’ ಇದು ಅನೇಕಾಂತಕ್ಕೆ ಬಗೆದ ಅಪಚಾರ. ವಸ್ತುವನ್ನು ಎಲ್ಲ ನಯಗಳಿಂದ ನೋಡೆಂದು ಅನೇಕಾಂತ ಹೇಳುತ್ತದೆಯೇ ಹೊರತು, ನೋಡದೆ ಎದ್ದುಹೋಗೆಂದು ಹೇಳುವುದಿಲ್ಲ. ಪಕ್ಷಗಳ ದೋಷ ಏಕಾಂತವಾದರೆ ಸಮಾಜದ ದೋಷ ಪ್ರಮಾದ. ಹಿಂಸೆಯ ಬೇರು ಪ್ರಮಾದದಲ್ಲಿದೆಯೆಂದು ಆಚಾರ್ಯರು ಎಚ್ಚರಿಸಿರುವುದನ್ನು ಬಲ್ಲವರು, ಗುಳಿಗೆಯಿಲ್ಲದೆ ಸತ್ತವನ ಸಾವಿನಲ್ಲಿ ತಮ್ಮ ಪಾಲಿಲ್ಲವೆಂದು ಹೇಗೆ ಹೇಳಿಯಾರು?

ಜೈನ ಪರಂಪರೆಗೆ ವೈದ್ಯವು ಹೊರಗಿನದಲ್ಲ. ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವನ್ನು ರಚಿಸಿದರು, ಜಗದ್ದಳ ಸೋಮನಾಥನು ಕನ್ನಡದಲ್ಲಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದನು. ನಮ್ಮ ಕಾಲದಲ್ಲಿ ಶ್ರವಣಬೆಳಗೊಳದಲ್ಲಿ ಮಕ್ಕಳ ಆಸ್ಪತ್ರೆ ಎದ್ದಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು 2004ರಲ್ಲಿ ‘ಸಂಪೂರ್ಣ ಸುರಕ್ಷಾ’ ವಿಮೆಯನ್ನು ಆರಂಭಿಸಿತು. ಇವು ದೊಡ್ಡ ಕ್ಷೇತ್ರಗಳ ಕಾರ್ಯ. ಊರೂರಿನ ಬಸದಿಯ ಟ್ರಸ್ಟುಗಳು ಮಾತ್ರ ಇವನ್ನು ಹೆಮ್ಮೆಯಿಂದ ಹೇಳಿ, ತಮ್ಮ ಕೈಯನ್ನು ಮಡಿಚಿಟ್ಟುಕೊಂಡಿವೆ. ಅಭಿಷೇಕದ ಕಲಶಕ್ಕೆ ಸವಾಲು ಏರುವ ಉತ್ಸಾಹ ಭೈಷಜ್ಯದಾನದ ಪೆಟ್ಟಿಗೆಯ ಮುಂದೆ ಏಕೆ ಇಳಿಯುತ್ತದೆ?

‘ಇದು ಸರ್ಕಾರದ ಹೊಣೆ, ದಾನವು ಹಕ್ಕಿಗೆ ಬದಲಿಯಾಗಬಾರದು’ ಎಂಬ ಆಕ್ಷೇಪ ತೂಕವುಳ್ಳದ್ದು. ದಾನವು ಸರ್ಕಾರವನ್ನು ಋಣಮುಕ್ತಗೊಳಿಸಬಾರದು, ನಿಜ. ಆದರೆ ಔಷಧವನ್ನು ಕೊಟ್ಟು ಲೆಕ್ಕವಿಟ್ಟವನೇ ಸರ್ಕಾರವನ್ನು ದೃಢವಾಗಿ ಪ್ರಶ್ನಿಸಬಲ್ಲನು. ಯಾವ ತಿಂಗಳು ಯಾವ ಗುಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಇರಲಿಲ್ಲವೆಂಬ ಪಟ್ಟಿ ಅವನ ಕೈಯಲ್ಲಿರುತ್ತದೆ. ಭಾಷಣಕ್ಕೆ ಮಣಿಯದ ಅಧಿಕಾರಿಯೂ ಪಟ್ಟಿಗೆ ಉತ್ತರಿಸಬೇಕಾಗುತ್ತದೆ.

ಆದ್ದರಿಂದ ಪ್ರತಿಯೊಂದು ಟ್ರಸ್ಟೂ ವಾರ್ಷಿಕ ಆದಾಯದ ಒಂದು ನಿಶ್ಚಿತ ಭಾಗವನ್ನು ದೀರ್ಘರೋಗಿಗಳ ಔಷಧಕ್ಕೆ ಮೀಸಲಿಡಬೇಕು. ಜಾತಿ, ಮತ, ಪಕ್ಷಗಳನ್ನು ಕೇಳದೆ ವೈದ್ಯರ ಚೀಟಿಯೊಂದನ್ನೇ ನೋಡಬೇಕು. ದಾನಿಯ ಭಾವಚಿತ್ರ ಗುಳಿಗೆಯ ಪೊಟ್ಟಣದ ಮೇಲೆ ಬರಕೂಡದು. ಬಂದರೆ ಪಕ್ಷಗಳನ್ನು ನಿಂದಿಸುವ ನೈತಿಕ ಅಧಿಕಾರ ಉಳಿಯುವುದಿಲ್ಲ. ಸಮಾಜದಲ್ಲಿ ಆಸ್ಪತ್ರೆ ನಡೆಸುವವರೂ, ಔಷಧದ ಅಂಗಡಿ ಇಟ್ಟವರೂ ಉಂಟು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿ ಬಂದಾಗ ರಾಜ್ಯದಾದ್ಯಂತ ವೈದ್ಯರು ಮುಷ್ಕರ ಹೂಡಿದರು. ಆ ವಾದದ ಗೆಲುವು ಸೋಲು ಏನೇ ಇರಲಿ, ದರದ ಪಟ್ಟಿಯನ್ನು ಕಾಣುವಂತೆ ತೂಗುಹಾಕುವುದಕ್ಕೂ, ಅಗ್ಗದ ಜೆನೆರಿಕ್ ಔಷಧ ಉಂಟೆಂದು ಗಿರಾಕಿಗೆ ತಿಳಿಸುವುದಕ್ಕೂ ಯಾವ ಮುಷ್ಕರವೂ ಅಡ್ಡಿಯಲ್ಲ. ಅಚೌರ್ಯವ್ರತವು ತಕ್ಕಡಿಗೆ ಮಾತ್ರವಲ್ಲ, ಬಿಲ್ಲಿಗೂ ಸಲ್ಲುತ್ತದೆ.

ಸರ್ಕಾರಗಳು ಬದಲಾಗುತ್ತವೆ, ಕಾರ್ಡುಗಳ ಬಣ್ಣವೂ ಬದಲಾಗುತ್ತದೆ. ಚಿಕ್ಕಜಾಜೂರಿನ ಆ ಕೂಲಿಯವನಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ ಮಾತ್ರ ಬದಲಾಗದೆ ಬೇಕು. ಅದನ್ನು ತಲುಪಿಸುವ ಶ್ರಾವಕನು ಯಾವ ಪಕ್ಷದವನೆಂದು ಯಾರೂ ಕೇಳುವುದಿಲ್ಲ.